ತಂತ್ರಾಂಶಕ್ಕೆ ಸಾಹೇಬರ ಹೆಸರು

ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸುನಂದಾ ಎಂಬ ಪ್ರೋಗ್ರಾಮರ್ ಇದ್ದಳು. ಬೀದರಿನ ಶಿಕ್ಷಕಿ ಮೆಹರುನ್ನಿಸಾ ಗ್ರಂಥಾಲಯಗಳಿಗೆಂದು ಬರೆದು, ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟಿದ್ದ ಮುಕ್ತ ತಂತ್ರಾಂಶವೊಂದನ್ನು ಕಂಪನಿ ತೆಗೆದುಕೊಂಡಿತು. ಬರೆದವರ ಹೆಸರು ಉಳಿಸಬೇಕು ಎಂಬುದೊಂದೇ ಅವರ ಷರತ್ತು.

ಮಾಲೀಕ ಪಾಟೀಲ ಸಾಹೇಬರು ಸುನಂದಾಳನ್ನು ಕರೆಸಿದರು.

"ಆಕಿ ಹೆಸರು ಎಲ್ಲೆಲ್ಲಿ ಐತೋ ಅಲ್ಲೆಲ್ಲಾ ನನ್ನ ಹೆಸರು ಹಾಕು. ಒಂದೂ ಬಿಡಬ್ಯಾಡ. ಆಗಂಗಿಲ್ಲ ಅಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ."

"ಒಂದೂ ಬಿಡೂದಿಲ್ರಿ," ಎಂದಳು ಸುನಂದಾ.

ಹಾಗೆಯೇ ಮಾಡಿ, ಪರೀಕ್ಷೆಗೆಂದು ನಾಲ್ಕಾರು ಗ್ರಂಥಾಲಯಗಳಿಗೆ ಕಳಿಸಿದಳು.

ಮರುದಿನ ಬೆಳಿಗ್ಗೆಯಿಂದ ಸಾಹೇಬರ ಮೊಬೈಲ್ ಬಡಿದುಕೊಳ್ಳತೊಡಗಿತು. ಒಬ್ಬರಿಗೆ ಪುಸ್ತಕಗಳ ಪಟ್ಟಿ ತೆರೆಯುತ್ತಿರಲಿಲ್ಲ. ಇನ್ನೊಬ್ಬರಿಗೆ ಒತ್ತಕ್ಷರ ಮೂಡುತ್ತಿರಲಿಲ್ಲ. ಒಬ್ಬ ಗ್ರಂಥಪಾಲಕರಂತೂ, "ಇದನ್ನ ನೀವ ಬರದೀರಂತ. ಎಲ್ಲಿ ತಪ್ಪೈತಿ ಹೇಳ್ರಿ," ಎಂದು ಅರ್ಧ ಗಂಟೆ ಫೋನ್ ಬಿಡಲಿಲ್ಲ.

ಮಧ್ಯಾಹ್ನ ಸಾಹೇಬರು ತಾವೇ ಸುನಂದಾಳ ಮೇಜಿಗೆ ಬಂದರು.

"ನನ್ನ ನಂಬರ್ ಯಾಕ ಹಾಕಿದಿ?"

"'ತೊಂದರೆಯಾದರೆ ಇವರನ್ನು ಕೇಳಿ' ಅನ್ನೋ ಕಡೆನೂ ಮೇಡಂ ಅವರ ಹೆಸರು, ನಂಬರ್ ಇತ್ರಿ. ಒಂದೂ ಬಿಡಬ್ಯಾಡ ಅಂದಿದ್ರಲ್ರಿ."

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಸಾಹೇಬರು ಅದನ್ನು ಅವಳ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಆ ಮೇಡಂ ಹೆಸರ ಹಾಕವ್ವಾ," ಎಂದರು. "ದೊಡ್ಡ ಅಕ್ಷರದಾಗ ಹಾಕು."