ಹಿಮಕ್ಕೆ ಕಿವಿ ಕೊಟ್ಟ ಅಂಗ್ರೂಪ

ಬೋ ಹಿಂದೆ, ಲಾರಿ ಅನ್ನೋದು ಈ ಭೂಮಿ ಮ್ಯಾಲೆ ಹುಟ್ಟೋಕಿಂತ ಬೋ ಹಿಂದೆ, ಒಂದು ಮರನೂ ಬೆಳೀದ ಒಂದೂರಲ್ಲಿ ಅಂಗ್ರೂಪ ಅಂತ ಒಬ್ಬ ಇದ್ನಂತೆ.

ಆ ಊರು ಇಲ್ಲಿಲ್ಲ ಕಣ್ರಪ್ಪ. ಬಡಗಲ ದಿಕ್ಕಿಗೆ ಹೋಗಿ, ರೈಲು ಮುಗ್ದು, ಬಸ್ಸು ಮುಗ್ದು, ಆಮ್ಯಾಕೆ ಸುರುವಾಯ್ತದೆ ಆ ದಾರಿ. ಆ ದಾರೀಲಿ ನಾನು ಲಾರಿ ಓಡ್ಸಿವ್ನಿ. ನೀವೆಲ್ಲ ಇಲ್ಲಿ ಒಂದು ಘಾಟಿ ಇಳಿಸ್ಬಿಟ್ಟು ಮೀಸೆ ತಿರುವ್ತೀರಲ್ಲ, ಆ ದಾರಿ ಮುಂದೆ ನಿಮ್ಮ ಘಾಟಿ ಹಟ್ಟಿ ಮುಂದ್ಲ ಜಗಲಿ. ಒಂದು ಕಡೆ ಗೋಡೆ ಕಡಿದಂಗೆ ಹಿಮ, ಲಾರಿ ತಲೆಗಿಂತ ಎತ್ತರ. ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ಬೆಳಗ್ಗೆ ರಸ್ತೆ ಒಣಗಿರ್ತದೆ. ಬಿಸಿಲು ಏರ್ತಿದ್ದಂಗೆ ಮ್ಯಾಲಿಂದ ಕರಗಿದ ನೀರು, ಬೂದಿ ಕಲಸ್ದಂಗಿರೋ ನೀರು, ಕಲ್ಲು ಉರುಳಿಸ್ಕೊಂಡು ರಸ್ತೆ ಮ್ಯಾಲೇ ಹರೀತದೆ. ಉಸಿರು ಎಳ್ಕೊಂಡ್ರೆ ಅರ್ಧನೇ ಬತ್ತದೆ. ನನ್ನ ಜೊತೇಲಿದ್ದ ಡ್ರೈವರ್‌ಗಳು ಹೊಟ್ಟೆ ತೊಳಸಿ ಗಾಡೀಲೇ ಮಲಗ್ಬಿಡೋರು. ನಾನು ಮುದ್ದೆ ತಿಂದು ಬೆಳದ ಮೈ. ಬಾನೆಟ್ ಮ್ಯಾಲೆ ಕುಂತು ಬೀಡಿ ಸೇದ್ತಿದ್ದೆ.

ಹತ್ತಿ ಹತ್ತಿ ಒಂದು ತಿರುವು ಬತ್ತದೆ. ಅಲ್ಲಿ ಎರಡು ಬೆಟ್ಟದ ಸಂದೀಲಿ ಒಂದು ಹೊಳೆ ಹಂಗೇ ಹೆಪ್ಪುಗಟ್ಟಿ ನಿಂತೈತೆ. ಓದಿದೋರು ಅದನ್ನ ಹಿಮನದಿ ಅಂತಾರೆ. ನಾವು ಡ್ರೈವರ್‌ಗಳು ಗಡ್ಡೆ ಅಂತಿದ್ವಿ. ಮ್ಯಾಲೆ ಬಿಳಿ, ಬಿರುಕು ಬಿಟ್ಟ ಕಡೆ ಬಗ್ಗಿ ನೋಡಿದ್ರೆ ಒಳಗೆ ಮೈಲುತುತ್ತ ಕಲಸ್ದಂಗೆ ನೀಲಿ. ತಳ ಕಾಣಕಿಲ್ಲ. ನೋಡಿದ್ರೆ ನಿಂತಂಗೈತೆ, ಆದ್ರೆ ನಿಂತಿಲ್ಲ. ಕಣ್ಣಿಗೆ ಗೊತ್ತಾಗದಂಗೆ ವರ್ಷವರ್ಷ ಕೆಳಕ್ಕೆ ಜರುಗ್ತಾನೇ ಐತೆ. ಆ ತಿರುವಲ್ಲಿ ಟೀ ಮಾರೋ ಮುದುಕಿ ಈ ಕತೆ ನಂಗೆ ಹೇಳಿದ್ಲು. ಅವಳಿಗೆ ಅವಳಜ್ಜಿ ಹೇಳಿದ್ದು.

ಆಗ ರಸ್ತೆ ಇರಲಿಲ್ಲ. ಗಡ್ಡೆನೇ ರಸ್ತೆ. ಈಕಡೆ ಊರಲ್ಲಿ ಜವೆಗೋಧಿ ಬೆಳೀತಿತ್ತು, ಉಪ್ಪು ಇರಲಿಲ್ಲ. ಆಕಡೆ ಊರಲ್ಲಿ ಉಪ್ಪು ಸಿಗ್ತಿತ್ತು, ಜವೆ ಬೆಳೀತಿರಲಿಲ್ಲ. ಹಂಗಾಗಿ ಜನ ಗಡ್ಡೆ ದಾಟ್ಲೇಬೇಕು. ದಾಟಿಸೋನು ಅಂಗ್ರೂಪ ಒಬ್ನೇ. ಕತ್ಲು ಹರಿಯೋ ಮುಂಚೆ ಹೋಗಿ, ಟೋಪಿ ತೆಗೆದು, ಗಡ್ಡೆ ಮ್ಯಾಲೆ ಬೋರಲು ಮಲಗಿ ಕಿವಿ ಇಡೋನಂತೆ. ಕೆಳಗೆ ನೀರು ಎಲ್ಲಿ ಹರೀತೈತೆ, ಎಲ್ಲಿ ಟೊಳ್ಳಾಗೈತೆ, ಎಲ್ಲಿ ಬಿರುಕಿನ ಮ್ಯಾಲೆ ಹಿಮ ಬರೀ ಮುಚ್ಚಳ ಹಾಕ್ಕೊಂಡು ಕುಂತೈತೆ, ಎಲ್ಲ ಅವನ ಕಿವಿಗೆ ಬರೋದಂತೆ. ಆಕಡೆ ಬೆಟ್ಟದ ಬಿಲದಲ್ಲಿ ಒಂದು ಇಲಿ ಮಗ್ಗಲು ಬದಲಾಯಿಸಿದ್ರೂ ಈಕಡೆ ಕೇಳೋದಂತೆ. ಹಂಗಂತಾರೆ.

ಒಂದ್ಸಲ ಇಡೀ ಮದುವೆ ದಿಬ್ಬಣನೇ ದಾಟಿಸ್ದ ಅಂತಾರೆ. ಮಾತಾಡಂಗಿಲ್ಲ ಅನ್ನೋದು ಅವನ ಕಟ್ಟಲೆ. ಮ್ಯಾಲೆ ಬೆಟ್ಟದ ಮಗ್ಗುಲಲ್ಲಿ ಹಿಮ ಜೋತಾಡ್ತಿರ್ತದೆ, ಒಂದು ಕೂಗಿಗೆ ಸಾಕು, ಇಡೀ ಬೆಟ್ಟ ಮೈಮ್ಯಾಲೆ ಬತ್ತದೆ. ಅಲ್ಲಿ ಯಾಕ್ ಅಂತ ಕೂದಲು ಜೋತುಬಿದ್ದ ದನ ಅವೆ. ಅವುಗಳ ಕೊರಳ ಗಂಟೆಗೆ ಉಣ್ಣೆ ತುರುಕಿಸ್ತಿದ್ನಂತೆ. ಕೂಸುಗಳ ಬಾಯಿಗೆ ಬೆಣ್ಣೆ ಉಂಡೆ ಇಡಿಸ್ತಿದ್ನಂತೆ. ಮದುವಣಗಿತ್ತಿಗೆ ಅಳು ಬಂದ್ರೆ ಸೆರಗು ಕಚ್ಕೊಂಡು ದಾಟಬೇಕು. ಹಂಗೆ ದಾಟಿದ್ರಂತೆ, ಒಬ್ಬರೂ ಉಸಿರು ಬಿಡಲಿಲ್ಲವಂತೆ.

ಇನ್ನೊಂದು ಕಟ್ಟಲೆ ಇತ್ತು. ಎಲ್ಲರೂ ಒಂದೇ ಹಗ್ಗ ಸೊಂಟಕ್ಕೆ ಕಟ್ಕೊಂಡು ಸಾಲಾಗಿ ನಡೀಬೇಕು. ಮುಂದೆ ಅಂಗ್ರೂಪ. ಕೊನೇಲಿ ಅಂಗ್ರೂಪನ ಮನೆಯೋರು. ಅಪ್ಪನೋ, ತಮ್ಮನೋ, ಹೆಂಡ್ತಿನೋ, ಯಾರು ಬತ್ತಿದ್ರೂ ಸರಿ, ಬಾಲದಲ್ಲಿ ಅವನ ಮನೆ ಜನ ಇರಬೇಕು. ಯಾಕಂದ್ರೆ ಕಾಲು ಬಿದ್ದಷ್ಟೂ ಹಿಮದ ಮುಚ್ಚಳ ಸವೀತದೆ. ಮೊದಲನೆಯೋನು ದಾಟಿದ್ದು ದೊಡ್ಡದಲ್ಲ, ಕೊನೆಯೋನು ದಾಟಿದ್ರೇ ದಾರಿ ಗಟ್ಟಿ. ದಾರಿ ತೋರ್ಸೋನು ತನ್ನ ಮನೆಯೋರನ್ನೇ ಕೊನೇಲಿ ನಿಲ್ಲಿಸವ್ನೆ ಅಂದ್ರೆ ಜನಕ್ಕೆ ಧೈರ್ಯ. ಅವನಪ್ಪ ಮಾಡಿದ ಕಟ್ಟಲೆ ಅದು. ಅಂಗ್ರೂಪ ಅದನ್ನ ಹೆಮ್ಮೆಯಿಂದ ಹೇಳ್ಕೊಳ್ಳೋನಂತೆ.

ಅವನ ಹೆಂಡ್ತಿ ಜಂಗ್ಮೊ. ಒಬ್ಬಳೇ ಮಗಳು ಪಾಲ್ಮೊ, ಅವಳನ್ನ ಆಕಡೆ ಉಪ್ಪಿನೂರಿಗೆ ಕೊಟ್ಟಿದ್ರು. ಒಂದು ಬ್ಯಾಸಗೆ ಕೊನೇಲಿ ಆಕಡೆಯಿಂದ ಯಾವನೋ ದೂರದ ಬೆಟ್ಟ ಬಳಸ್ಕೊಂಡು ಬಂದು ಸುದ್ದಿ ಹೇಳಿದ್ನಂತೆ. ಪಾಲ್ಮೊಗೆ ದಿನ ತುಂಬೈತೆ, ಇವತ್ತೋ ನಾಳೆನೋ ನೋವು ಬತ್ತದೆ, ಕೂಸು ಅಡ್ಡ ತಿರುಗೈತೆ, ಅವ್ವನ್ನ ಕರೀತಾವ್ಳೆ ಅಂತ. ಬೆಟ್ಟ ಬಳಸ್ಕೊಂಡು ಹೋದ್ರೆ ಹೆರಿಗೆ ಮುಗಿದೇ ಹೋಯ್ತದೆ. ಗಡ್ಡೆ ಮ್ಯಾಲೆ ಹೋದ್ರೆ ಒಂದು ಬೆಳಗು.

ಅಂಗ್ರೂಪ ಹೋಗಿ ಕಿವಿ ಇಟ್ಟ. ಎದ್ದು ಬಂದು ಬ್ಯಾಡ ಅಂದ. ಬ್ಯಾಸಗೆ ಪೂರ್ತಿ ಕರಗಿ ಒಳಗೆಲ್ಲ ಟೊಳ್ಳಾಗೈತೆ, ಹೊಸ ಹಿಮ ಬೀಳೋವರೆಗೂ ಯಾರೂ ಕಾಲಿಡಬಾರದು ಅಂದ.

ಜಂಗ್ಮೊ ಸುಮ್ನಿರೋ ಹೆಂಗಸಲ್ಲ. “ಕಂಡೋರ ಮನೆ ಮದುವಣಗಿತ್ತಿ ದಾಟಿಸ್ವಾಗ ನಿನ್ನ ಗಡ್ಡೆ ಚೆನ್ನಾಗೇ ಮಾತಾಡ್ತಿತ್ತು. ನಿನ್ನ ಮಗಳು ಸಾಯ್ತಾವ್ಳೆ ಅಂದಾಗ ಬ್ಯಾಡ ಅಂತದಾ? ಕಿವಿಗೆ ವಯಸ್ಸಾಯ್ತು ಅನ್ನು, ಒಪ್ಕೋತೀನಿ,” ಅಂದ್ಲಂತೆ.

ಆ ಮಾತು ಅವನಿಗೆ ನಾಟ್ತು. ಇನ್ನೊಂದ್ಸಲ ಹೋಗಿ ಕಿವಿ ಇಟ್ನಂತೆ. ಗಡ್ಡೆ ಅದನ್ನೇ ಹೇಳ್ತಂತೆ. ಈ ಸಲ ಸೀದಾ ಮನೆಯೊಳಕ್ಕೆ ಹೋದ. ಹಗ್ಗ ತಗೊಂಡ.

ಅಂಗ್ರೂಪ ಹೊಂಟವ್ನೆ ಅಂತ ಗೊತ್ತಾಗ್ತಿದ್ದಂಗೆ ಉಪ್ಪಿಗೆ ಕಾಯ್ತಿದ್ದೋರೂ ನಾವೂ ಬತ್ತೀವಿ ಅಂತ ನಿಂತ್ರು. ಅವನು ಬ್ಯಾಡ ಅಂದ. ಹೆಂಡ್ತಿನ ಕರ್ಕೊಂಡು ಹೋಗ್ವಾಗ ಗಟ್ಟಿ ಇರೋ ದಾರಿ ನಮಗ್ಯಾಕೆ ಗಟ್ಟಿ ಇರಕಿಲ್ಲ ಅಂದ್ರಂತೆ. ಅವನು ಹಗ್ಗದ ಸುರುಳಿ ಬಿಚ್ಚಿ ಅವರ ಕೈಗೆ ಕೊಟ್ಟ. ಸಾಲು ಕಟ್ಟಿದ್ರು. ಕಟ್ಟಲೆ ಕಟ್ಟಲೆನೇ. ಜಂಗ್ಮೊ ಕೊನೇಲಿ ನಿಂತ್ಲು. ಅವಳ ಮುಂದೆ ಒಬ್ಬ ಉಪ್ಪಿನ ವ್ಯಾಪಾರಿ.

ಇಲ್ಲೇ ಕಣ್ರಪ್ಪ ಅವನು ಕೆಟ್ಟಿದ್ದು. ಹೆಂಡ್ತಿನ ತನ್ನ ಬೆನ್ನ ಹಿಂದೆ ಕಟ್ಕೊಂಡಿದ್ರೆ ಯಾರು ಕೇಳ್ತಿದ್ರು? ಆದ್ರೆ ಅವಳನ್ನ ಮುಂದಕ್ಕೆ ಕರೆದ್ರೆ ದಾರಿ ಕೆಟ್ಟದು ಅಂತ ತಾನೇ ಸಾರಿದಂಗೆ. ಒಂದು ಸಲ ತಿರುಗಿ ಅವಳ ಮುಖ ನೋಡ್ದ ಅಂತಾರೆ. ಅವಳು ಹೋಗು ಅಂತ ಕೈ ಬೀಸಿದ್ಲಂತೆ.

ನಡುದಾರಿ. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಹಿಮದ ಮ್ಯಾಲೆ ಕಾಲಿನ ಕಿರುಗುಟ್ಟೋ ಸದ್ದು ಬಿಟ್ರೆ ಏನಿಲ್ಲ. ಅಂಗ್ರೂಪ ಮುಂದೆ ಕೋಲು ಚುಚ್ತಾ ಹೋಗ್ತವ್ನೆ. ಹಗ್ಗ ಒಂದ್ಸಲ ಹಿಂದಕ್ಕೆ ಜಗ್ಗಿದಂಗಾಯ್ತು. ಆಮ್ಯಾಕೆ ಸಡಿಲ ಆಯ್ತು. ಯಾರೋ ಜಾರಿ ಎದ್ರು ಅಂದ್ಕೊಂಡ. ಮ್ಯಾಲೆ ಜೋತಾಡೋ ಹಿಮದ ಕೆಳಗೆ ನಿಲ್ಲಂಗಿಲ್ಲ. ನಡೆದ.

ಆಕಡೆ ದಡದಲ್ಲಿ, ಬಂಡೆ ಮ್ಯಾಲೆ ಕಾಲಿಟ್ಟು, ಹಗ್ಗ ಸುತ್ತೋಕೆ ಸುರು ಮಾಡ್ದ. ಒಬ್ಬೊಬ್ಬರೇ ಬಂದ್ರು. ಉಪ್ಪಿನ ವ್ಯಾಪಾರಿ ಬಂದ. ಅವನ ಹಿಂದೆ ಹಗ್ಗದ ತುದಿ ಬಂತು.

ಹಗ್ಗ ಹರಿದಿರಲಿಲ್ಲ. ಗಂಟು ಬಿಚ್ಚಿತ್ತು.

ಅವಳೇ ಬಿಚ್ಕೊಂಡಿದ್ದು. ಮುಚ್ಚಳ ಕುಸಿದು ಬಿರುಕಲ್ಲಿ ಜೋತಾಡ್ತಾ, ತನ್ನ ಭಾರಕ್ಕೆ ಸಾಲು ಪೂರ್ತಿ ಹಿಂದಕ್ಕೆ ಬತ್ತದೆ ಅಂತ ಬಿಚ್ಕೊಂಡ್ಲು. ಕೂಗಿದ್ರೆ ಮ್ಯಾಲಿನ ಹಿಮ ಬತ್ತದೆ ಅಂತ ಕೂಗಲೂ ಇಲ್ಲ. ಹಂಗಂತಾರೆ.

ಅಂಗ್ರೂಪ ಆ ವ್ಯಾಪಾರಿನ ನೋಡ್ದ. ಅವನು ನೆಲ ನೋಡ್ತಿದ್ದ. ಆಮ್ಯಾಕೆ ಅಂದ್ನಂತೆ, “ಹಗ್ಗ ಹಗುರ ಆಯ್ತು ಅಣ್ಣ. ಗೊತ್ತಾಯ್ತು ನಂಗೆ. ಮಾತಾಡಬ್ಯಾಡಿ, ನಿಲ್ಲಬ್ಯಾಡಿ ಅಂತ ನೀನೇ ಹೇಳಿದ್ದೆ.”

ಅಂಗ್ರೂಪ ಅವನಿಗೆ ಒಂದೇಟೂ ಹೊಡೀಲಿಲ್ಲವಂತೆ. ಹೊಡೆದಿದ್ರೆ ಚೆನ್ನಾಗಿತ್ತು ಅಂತ ಆ ವ್ಯಾಪಾರಿ ಸಾಯೋವರೆಗೂ ಅಂತಿದ್ನಂತೆ. ಉಪ್ಪಿನೂರಿಂದ ಇರೋ ಹಗ್ಗ ಎಲ್ಲ ತನ್ನಿ ಅಂತ ಅವರನ್ನ ಓಡಿಸಿ, ತಾನು ವಾಪಸ್ಸು ಗಡ್ಡೆ ಮ್ಯಾಲೆ ಹೋದ. ಬಿರುಕಿನ ಅಂಚಲ್ಲಿ ಮಲಗಿ ಕಿವಿ ಇಟ್ಟ. ಕೆಳಗಿಂದ ಅವಳ ದನಿ ಬಂತಂತೆ. ಎತ್ತು ಅನ್ನಲಿಲ್ಲ ಅವಳು. ಎಲ್ಲ ದಾಟಿದ್ರಾ ಅಂತ ಕೇಳಿದ್ಲು. ದಾಟಿದ್ರು ಅಂದ. ಪಾಲ್ಮೊ ಹೆಂಗವ್ಳೆ ಅಂತ ಕೇಳಿದ್ಲು. ಗೊತ್ತಿಲ್ಲ, ಜನ ಹೋಗವ್ರೆ, ಸುದ್ದಿ ತತ್ತಾರೆ, ಅಲ್ಲೀವರೆಗೂ ನಿದ್ದೆ ಮಾಡಬ್ಯಾಡ ಅಂದ. ಮಾಡಕಿಲ್ಲ ಅಂದ್ಲಂತೆ.

ಬಿಸಿಲು ಬಿತ್ತು. ಬಿಸಿಲು ಬಿದ್ರೆ ಗಡ್ಡೆಯೊಳಗೆ ನೀರು ಓಡಾಡೋಕೆ ಸುರುವಾಯ್ತದೆ. ಆ ಸದ್ದಲ್ಲಿ ಅವಳ ದನಿ ಸಣ್ಣಗಾಗ್ತಾ ಬಂತು. ಇಲಿ ಮಗ್ಗಲು ಬದಲಾಯಿಸಿದ್ರೂ ಕೇಳೋ ಕಿವಿಗೆ ಹೆಂಡ್ತಿ ಮಾತು ಕೇಳದಂಗಾಯ್ತು.

ಹಗ್ಗ ಬಂತು. ಒಂದಕ್ಕೊಂದು ಗಂಟು ಹಾಕಿ ಇಳಿಬಿಟ್ರು. ಸೊಂಟದ ಪಟ್ಟಿ, ತಲೆವಸ್ತ್ರ ಎಲ್ಲ ಸೇರಿಸಿ ಇಳಿಬಿಟ್ರು. ಯಾವುದಕ್ಕೂ ತಾಗಲಿಲ್ಲ. ಮ್ಯಾಲೆಳೆದ್ರೆ ತಣ್ಣಗೆ ಒದ್ದೆಯಾಗಿ ಬಂತು.

ಹಗ್ಗದ ಜೊತೆ ಸುದ್ದಿನೂ ಬಂದಿತ್ತು. ಇವರು ಮನೆ ಬಿಡೋ ಮುಂಚೆನೇ ಕೂಸು ತಾನೇ ತಿರುಗಿ ಹುಟ್ಟಿತ್ತಂತೆ. ಪಾಲ್ಮೊ ಎದ್ದು ಕುಂತು ಗಂಜಿ ಕುಡೀತಿದ್ಲಂತೆ. ಜನ ಬಾಗಿಲಿಗೆ ಬರ್ತಿದ್ದಂಗೆ, “ಅವ್ವ ಎಲ್ಲಿ, ಹಿಂದೆ ಬತ್ತಾವ್ಳಾ?” ಅಂತ ಕೇಳಿದ್ಲಂತೆ.

ಅಂಗ್ರೂಪ ಆ ಬಿರುಕಿಗೆ ಬಾಯಿಟ್ಟು ಹೇಳಿದ್ನಂತೆ. ಹೆಣ್ಣು ಕೂಸು, ನಿನ್ನಂಗೇ ಮೂಗು, ಇಬ್ಬರೂ ಚೆನ್ನಾಗವ್ರೆ ಅಂತ. ಆಮ್ಯಾಕೆ ಕಿವಿ ಇಟ್ಟ. ನೀರು ಹರೀತಿತ್ತು.

ಮತ್ತೆ ಅವನು ಯಾರನ್ನೂ ದಾಟಿಸಲಿಲ್ಲ. ಜನ ಬಂದು ಬೇಡಿದ್ರು, ಬೈದ್ರು. ತಾವೇ ದಾಟೋಕೆ ಹೋದೋರು ಎಷ್ಟೋ ಜನ ಬಿರುಕಿಗೆ ಬಿದ್ರು. ಅವನು ಗಡ್ಡೆ ಅಂಚಲ್ಲಿ ಕಲ್ಲು ಜೋಡಿಸಿ ಒಂದು ಗೂಡು ಕಟ್ಕೊಂಡ. ಗಡ್ಡೆ ಜರುಗ್ತದೆ ಅಂತ ಅವನಿಗೆ ಗೊತ್ತಲ್ಲ, ಒಳಗಿರೋ ಅವಳೂ ಜರುಗ್ತಾವ್ಳೆ ಅಂತ ಬ್ಯಾಸಗೆ ಬ್ಯಾಸಗೆಗೂ ಗೂಡು ಕಿತ್ತು ಅಷ್ಟಷ್ಟೇ ಕೆಳಗೆ ಕಟ್ಟೋನಂತೆ. ಹಂಗೇ ಅವಳ ಪಕ್ಕದಲ್ಲೇ ಇಳೀತಾ ಇಳೀತಾ ಮುದುಕ ಆದ. ಮಗಳು ಕೂಸನ್ನ ಎತ್ಕೊಂಡು ಬಂದು ಕರೆದ್ಲು. ಆ ಕೂಸು ದೊಡ್ಡದಾಗಿ ತಾನೇ ಬಂದು ಕರೀತು. ಹೋಗಲಿಲ್ಲ.

ಕೊನೆಗೆ ಗಡ್ಡೆ ಬಾಯಿಗೆ ಬಂದ. ಗಡ್ಡೆ ಮುಗಿದು ನೀರು ಹೊರಕ್ಕೆ ನುಗ್ತದಲ್ಲ, ಅಲ್ಲಿ ಕುಂತು ಒಳಗಿಂದ ಬರೋದನ್ನೆಲ್ಲ ನೋಡೋನಂತೆ. ಯಾಕ್ ದನದ ಕೊಂಬು ಬಂತು. ಯಾರದ್ದೋ ಒಂದು ಕಾಲಿನ ಬೂಟು ಬಂತು. ಅವಳು ಬರಲಿಲ್ಲ. ಒಂದು ಚಳಿಗಾಲಕ್ಕೆ ಮುಂಚೆ ಅಲ್ಲಿದ್ದ. ಚಳಿಗಾಲ ಕಳೆದ್ಮ್ಯಾಕೆ ಇರಲಿಲ್ಲ. ಆ ಬಾಯೊಳಗೆ ತಾನೇ ನಡ್ಕೊಂಡು ಹೋದ ಅಂತ ಕೆಲವರು ಅಂತಾರೆ. ಚಳಿಗೆ ಸತ್ತ, ನರಿ ತಿಂತು ಅಂತ ಕೆಲವರು ಅಂತಾರೆ.

ನಾನು ಮೊದಲು ಹೋದಾಗ ಗಡ್ಡೆ ಬಾಯಿ ರಸ್ತೆ ಪಕ್ಕದಲ್ಲೇ ಇತ್ತು. ಕಡೇ ಸಲ ಹೋದಾಗ ದೂರ ಬೆಟ್ಟದ ಎದೆ ತಾವ ಹೋಗಿತ್ತು. ಅಷ್ಟೂ ಕರಗೈತೆ. ಅಷ್ಟು ಕರಗಿದ್ರೂ ಕಲ್ಲು, ಕೆಸರು ಬಿಟ್ರೆ ಏನೂ ಹೊರಗೆ ಬಂದಿಲ್ಲ.

ಆದ್ರೂ ಆ ತಿರುವಲ್ಲಿ ಇವತ್ತಿಗೂ ಎಲ್ಲ ಗಾಡಿ ನಿಲ್ತವೆ. ಬಸ್ಸಾಗಲಿ, ಲಾರಿಯಾಗಲಿ. ಇಂಜಿನ್ ಆಫ್ ಮಾಡಿ, ಡ್ರೈವರು ಕೆಳಗಿಳಿದು, ಗಾಡೀಲಿ ಕೊನೇಲಿ ಕುಂತಿರೋರ ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು. ಮ್ಯಾಲೆ ಹಿಮ ಇದ್ರೂ ಸರಿ, ಬಿದ್ರೂ ಸರಿ, ಕೂಗಬೇಕು. ಕೊನೆಯೋರು ಓ ಅಂದ ಮ್ಯಾಲೇನೇ ಗಾಡಿ ಮುಂದಕ್ಕೆ. ಒಬ್ಬನೇ ಡ್ರೈವರು ಇದ್ರೆ ಜಂಗ್ಮೊ ಅಂತ ಕೂಗ್ತಾನೆ.

ನಾನು ಒಬ್ನೇ ಹೋಗ್ತಿದ್ದ ಟ್ರಿಪ್ಪೇ ಜಾಸ್ತಿ. ನನ್ನ ಗಂಟಲು ಗೊತ್ತಲ್ಲ ನಿಮಗೆ, ಈ ಸ್ಟ್ಯಾಂಡಿಂದ ಕೂಗಿದ್ರೆ ಪೇಟೆಗೆ ಕೇಳ್ತದೆ. ಅಲ್ಲಿ ಆ ಗಂಟಲು ಪೂರ್ತಿ ಬಿಟ್ಟು ಕೂಗ್ತಿದ್ದೆ. ಒಂದಿಷ್ಟು ಹೊತ್ತು ನಿಂತ್ಕೋತಿದ್ದೆ. ಆಮ್ಯಾಕೆ ಗಾಡಿ ಹತ್ತಿ, ಓ ಅಂತ ನಾನೇ ಅಂದ್ಕೊಂಡು, ಗೇರ್ ಹಾಕ್ತಿದ್ದೆ. ಎಲ್ಲ ಡ್ರೈವರ್‌ಗಳೂ ಅಷ್ಟೇ ಮಾಡೋದು. ಬ್ಯಾರೆ ಏನು ಮಾಡೋಕಾಯ್ತದೆ.