ಭರಣಿಯ ಪಕ್ಕದ ಇಂಜಿನ್

ಕಾರಿನಿಂದ ಇಳಿಸಿದ ಇಂಜಿನನ್ನು, ಬೇರೆ ಕಾರು ಸಿಗುವವರೆಗೆ ಇರಲಿ ಎಂದು, ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟರು.

"ಎಣ್ಣೆ ಹಾಕಿಸಿಕೊಳ್ಳಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಳ್ಳಿ, ತಿಂಗಳಿಗೊಮ್ಮೆ ತಿರುವಿಸಿಕೊಳ್ಳಿ. ಇಲ್ಲದಿದ್ದರೆ ಕೆಡುತ್ತೀರಿ," ಎಂದಿತು ಭರಣಿ.

"ನೀವು ಮೊಸರನ್ನಕ್ಕೆ ನೆಂಚಿಕೊಳ್ಳಲು ಇರುವವರು. ನಾನು ಊರೂರು ಸುತ್ತಿ ಬಂದವನು. ನನಗೆ ವಿಶ್ರಾಂತಿ ಬೇಕು," ಎಂದಿತು ಇಂಜಿನ್.

ತಿಂಗಳಾದ ಮೇಲೆ ಯಜಮಾನ ಚಂದಯ್ಯ ಬಂದು ಸ್ಪ್ಯಾನರ್ ಹಾಕಿ ತಿರುಗಿಸಿದ. ಇಂಜಿನ್ ಬೇಕೆಂದೇ ಜೋರಾಗಿ ನರಳಿತು.

"ತಿರುಗೋದೇನೋ ತಿರುಗುತ್ತೆ. ಚೆನ್ನಾಗಿರೋದನ್ನ ನಾನ್ಯಾಕೆ ಕೆಣಕಿ ನರಳಿಸಲಿ," ಎಂದು ಚಂದಯ್ಯ ಹೊರಟುಹೋದ. ಮತ್ತೆ ಮುಟ್ಟಲಿಲ್ಲ.

"ಮರ್ಯಾದೆ ಅಂದರೆ ಇದು," ಎಂದಿತು ಇಂಜಿನ್.

ಮೂರು ವರ್ಷಕ್ಕೆ ಕಾರು ಸಿಕ್ಕಿತು. ಒಳಗೆಲ್ಲ ತುಕ್ಕು ಹಿಡಿದಿದ್ದ ಇಂಜಿನ್ ಕೂದಲೆಳೆಯಷ್ಟೂ ತಿರುಗಲಿಲ್ಲ. ಚಂದಯ್ಯನ ಹೆಂಡತಿ, ನೆಲದ ತೇವ ತಾಗದಿರಲೆಂದು, ಭರಣಿಯನ್ನು ಅದರ ಮೇಲಿಟ್ಟಳು.

"ಈಗ ಮಾತ್ರ ಅಲುಗಾಡಬೇಡಿ," ಎಂದಿತು ಭರಣಿ.