ಮೊದಲ ಗುಳಿಗೆ

“ಗುರುಗಳೇ, ಕೂರಿಸಿದವನ ಋಣ ದೊಡ್ಡದೋ, ಕೂತ ಪೀಠದ ಋಣ ದೊಡ್ಡದೋ?”

ಕೇಳಿದವನು ನಿರ್ವಾಣಪ್ಪ, ಗುರುಗಳ ಹಳೆಯ ಶಿಷ್ಯ. ಒಂದು ವಿಶ್ವವಿದ್ಯಾನಿಲಯಕ್ಕೆ ಆಗಷ್ಟೇ ಕುಲಪತಿಯಾಗಿದ್ದ. ಆ ಕುರ್ಚಿ ಸಿಕ್ಕಿದ್ದು ಒಬ್ಬ ಮಂತ್ರಿಯ ಕೃಪೆಯಿಂದ. ಈಗ ಅದೇ ಮಂತ್ರಿ ತನ್ನ ಕಡೆಯವನೊಬ್ಬನನ್ನು ಪ್ರಾಧ್ಯಾಪಕನನ್ನಾಗಿ ಮಾಡಬೇಕೆಂದು ಹೇಳಿಕಳಿಸಿದ್ದ. ಆ ಮನುಷ್ಯನಿಗೆ ಪಾಠ ಹೇಳಲು ಬರುವುದಿಲ್ಲವೆಂಬುದು ನಿರ್ವಾಣಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

“ಆಗುವುದಿಲ್ಲ ಅಂದರೆ ಉಂಡ ಮನೆಯ ಜಂತೆ ಎಣಿಸಿದ ಹಾಗೆ. ಆಗಲಿ ಅಂದರೆ ಹುಡುಗರ ಮುಖ ನೋಡುವುದು ಹೇಗೆ? ಊಟ ಸೇರುತ್ತಿಲ್ಲ ಗುರುಗಳೇ.”

ಗುರುಗಳು ನಕ್ಕರು. “ಊಟ ಸೇರುತ್ತಿಲ್ಲ ಅನ್ನುತ್ತೀಯಲ್ಲ, ಹಾಗಾದರೆ ಇನ್ನೂ ಅಷ್ಟು ಮಾನ ಉಳಿದಿದೆ ಅಂತಾಯಿತು. ಕೂತುಕೊಳ್ಳಯ್ಯಾ ಕುಲಪತಿ, ಒಂದು ಕತೆ ಹೇಳುತ್ತೇನೆ” ಎಂದು ಶುರುಮಾಡಿದರು.

ಒಂದು ರಾಜ್ಯ. ಅಲ್ಲೊಂದು ವಿದ್ಯಾಶಾಲೆ. ಅದು ಅರಸನ ಸ್ವಂತದ್ದಲ್ಲ, ಪ್ರಜೆಗಳದ್ದು. ಸುಗ್ಗಿ ಮುಗಿದಾಗ ಪ್ರತಿ ಮನೆಯವರೂ ಒಂದು ಮೊರ ಕಾಳು ಶಾಲೆಯ ಹೆಸರಿನಲ್ಲಿ ತೆಗೆದಿಡುತ್ತಿದ್ದರು. ಅಲ್ಲಿ ವೈದ್ಯ ಕಲಿತು ಮುಗಿಸಿದವನಿಗೆ ಒಂದು ಕಂಚಿನ ಮುದ್ರೆ ಕೊಡುತ್ತಿದ್ದರು. ಅದನ್ನು ಕೊರಳಿಗೆ ಹಾಕಿಕೊಂಡವನು ಯಾವ ಊರಿಗೆ ಹೋದರೂ ಜನ ಹೆಸರು ಕೇಳದೆ, ಕುಲ ಕೇಳದೆ, ನಾಡಿ ನೋಡಿ ಎಂದು ಕೈ ಚಾಚುತ್ತಿದ್ದರು.

ಆ ನಂಬಿಕೆ ಸುಮ್ಮನೆ ಬಂದದ್ದಲ್ಲ ಕಣಯ್ಯಾ. ಶಾಲೆಯಲ್ಲಿ ಒಂದು ಕಟ್ಟಳೆಯಿತ್ತು. ಮುದ್ರೆ ಬೇಕಾದವನು ಎಲ್ಲರ ಎದುರು ಒಬ್ಬನೇ ಕೂತು ಜ್ವರದ ಗುಳಿಗೆ ಅರೆಯಬೇಕು. ಆ ಗುಳಿಗೆಗೆ ವತ್ಸನಾಭಿಯ ಬೇರು ಬೀಳುತ್ತದೆ. ಅದನ್ನು ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿದರೆ ಮದ್ದು, ಮಾಡದಿದ್ದರೆ ವಿಷ. ಅರೆದ ಮೊದಲ ಗುಳಿಗೆಯನ್ನು ಯಾವ ರೋಗಿಗೂ ಕೊಡುವಂತಿಲ್ಲ. ಪೀಠದಲ್ಲಿ ಕೂತ ಮುಖ್ಯಸ್ಥ ತಾನೇ ನುಂಗಬೇಕು, ನುಂಗಿದ ಮೇಲೆ ಮುದ್ರೆ ಕೊಡಬೇಕು. ‘ಇವನ ಕೈಯ ಮದ್ದು ನಾನು ತಿಂದಿದ್ದೇನೆ, ನೀವೂ ತಿನ್ನಬಹುದು’ ಎಂದು ಜನಕ್ಕೆ ಹೇಳಿದ ಹಾಗೆ. ಸಂಶಯ ಬಂದರೆ ಗುಳಿಗೆಯನ್ನು ಬೆಂಕಿಗೆ ಹಾಕಿ ಹುಡುಗನನ್ನು ಮತ್ತೆ ಪಾಠಕ್ಕೆ ಕೂರಿಸುವ ಅಧಿಕಾರವೂ ಮುಖ್ಯಸ್ಥನಿಗಿತ್ತು.

ಮುಖ್ಯಸ್ಥನನ್ನು ಉಪಾಧ್ಯಾಯರೇ ಆರಿಸುವುದು ವಾಡಿಕೆ. ಒಂದು ಸಲ ಪೀಠ ತೆರವಾದಾಗ ರಾಜ್ಯದ ಮಂತ್ರಿ ನಡುವೆ ಕೈಹಾಕಿದ. ಅರಸನಿಂದ ಅಪ್ಪಣೆ ಹೊರಡಿಸಿ, ತನ್ನ ಮನೆಯಲ್ಲಿ ಬೆಳೆದ ಪಂಡಿತನೊಬ್ಬನನ್ನು ತಂದು ಕೂರಿಸಿದ. ಪಂಡಿತ ಕಲಿತವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ದಾರಿ ಸರಿಯಲ್ಲ. ಉಪಾಧ್ಯಾಯರು ಎದುರಿಗೆ ನಮಸ್ಕಾರವೇನೋ ಮಾಡಿದರು. ಅವನ ಬೆನ್ನು ತಿರುಗಿದ ಮೇಲೆ “ಬಂತಪ್ಪಾ ಅರಮನೆಯ ಗಿಣಿ” ಎಂದರು. ಅದು ಪಂಡಿತನಿಗೆ ಕೇಳಿಸಿತು, ನೋವೂ ಆಯಿತು. ಸುಳ್ಳೆಂದು ಜಗಳಕ್ಕೆ ಹೋಗುವ ಹಾಗೂ ಇರಲಿಲ್ಲ.

ಅವನು ತಬ್ಬಲಿ. ಮಂತ್ರಿಯೇ ಅವನನ್ನು ಮನೆಗೆ ಕರೆತಂದು, ತನ್ನ ಪಂಕ್ತಿಯಲ್ಲಿ ಉಣ್ಣಿಸಿ, ದೂರದೂರದ ಗುರುಗಳ ಹತ್ತಿರ ಕಳಿಸಿ ಓದಿಸಿದ್ದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈಯೂ ಮಂತ್ರಿಯದೇ. ಪಂಡಿತ ಅವನನ್ನು ‘ಅಯ್ಯಾ’ ಎಂದು ಕರೆಯುತ್ತಿದ್ದುದು ಬಾಯಿಮಾತಿಗಲ್ಲ. ಅವನನ್ನು ತಂದೆಯೆಂದೇ ತಿಳಿದಿದ್ದ.

ಪೀಠ ಏರಿದ ಮೇಲೆ ಹೇಗೆ ನಡೆದ ಅಂತ ಕೇಳು. ಬೆಳಗಿನ ಮೊದಲ ಪಾಠ ತಾನೇ ಹೇಳುತ್ತಿದ್ದ. ಯಾವ ಹುಡುಗನ ಗುಳಿಗೆಯನ್ನೂ ನೆಪ ಹೇಳಿ ತಪ್ಪಿಸಿಕೊಳ್ಳಲಿಲ್ಲ. ಒಮ್ಮೆ ಒಬ್ಬ ಹುಡುಗನ ಗುಳಿಗೆಯಲ್ಲಿ ಶುದ್ಧಿ ತುಸು ಕಡಿಮೆಯಾಗಿ, ನಾಲಿಗೆ ಮರಗಟ್ಟಿ, ಸಂಜೆಯವರೆಗೆ ಪಂಡಿತನಿಗೆ ಮಾತು ಹೊರಡಲಿಲ್ಲ. ಹುಡುಗ ಅಳುತ್ತಾ ಕಾಲಿಗೆ ಬಿದ್ದ. ಪಂಡಿತ ಅವನನ್ನು ಎಬ್ಬಿಸಿ, ಎಲ್ಲಿ ತಪ್ಪಿತೆಂದು ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದ. ಆಮೇಲೆ ಗಿಣಿ ಎನ್ನುವವರ ಬಾಯಿ ಮುಚ್ಚಿತು. ಶಾಲೆಯ ಹೆಸರು ಪಕ್ಕದ ರಾಜ್ಯಕ್ಕೂ ಹಬ್ಬಿತು.

ಹೀಗಿರುವಾಗ ಒಂದು ದಿನ ಮಂತ್ರಿ ಬಂದ. ಅವನ ತಂಗಿಯ ಮಗನೊಬ್ಬ ಆ ಶಾಲೆಯಲ್ಲಿ ವೈದ್ಯ ಕಲಿಯುತ್ತಿದ್ದ. ಕಲಿಯುತ್ತಿದ್ದ ಅನ್ನುವುದು ಉಪಚಾರದ ಮಾತು. ಹುಡುಗ ಕೆಟ್ಟವನಲ್ಲ. ಕುದುರೆ ಕಂಡರೆ ಜೀವ, ಓಲೆಗರಿ ಕಂಡರೆ ತೂಕಡಿಕೆ. ಆ ಹೊತ್ತಿಗೆ ಅರಮನೆಯ ವೈದ್ಯ ಮುದುಕನಾಗಿದ್ದ. ಆ ಜಾಗಕ್ಕೆ ತಂಗಿಯ ಮಗ ಬಂದರೆ ಅರಸನ ನಾಡಿ ತನ್ನ ಮನೆಯವರ ಕೈಯಲ್ಲಿರುತ್ತದೆ ಎಂದು ಮಂತ್ರಿಯ ಲೆಕ್ಕಾಚಾರ. ತಂಗಿಗೆ ಮಾತನ್ನೂ ಕೊಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸೋದರಮಾವನಿಗೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಮುದ್ದು.

“ಹುಡುಗನಿಗೆ ಮುದ್ರೆ ಕೊಟ್ಟುಬಿಡು” ಎಂದ ಮಂತ್ರಿ.

“ಅಯ್ಯಾ, ಅವನಿಗೆ ಬೇರು ಯಾವುದು, ಕಡ್ಡಿ ಯಾವುದು ಅಂತ ಇನ್ನೂ ಗೊತ್ತಿಲ್ಲ” ಎಂದ ಪಂಡಿತ.

“ಅರಮನೆಗೆ ಬಂದ ಮೇಲೆ ಕಲಿಯುತ್ತಾನೆ ಬಿಡು. ಬೇರೆ ಯಾರಾದರೂ ಮಾಡಿದ ಗುಳಿಗೆಯನ್ನು ಎಲೆಯ ಮೇಲಿಡಿಸಿಕೊಂಡು ನುಂಗು. ಯಾರಿಗೆ ಗೊತ್ತಾಗುತ್ತದೆ?” ಎಂದು ಮಂತ್ರಿ ದನಿ ಇಳಿಸಿದ. “ಇಷ್ಟು ವರ್ಷದಲ್ಲಿ ನಿನ್ನನ್ನು ಏನಾದರೂ ಕೇಳಿದ್ದೇನೆಯೇ ಮಗೂ?”

ಗದರಿಸಿದ್ದರೆ ಎದುರು ನಿಲ್ಲಬಹುದಿತ್ತು. ಮಗೂ ಅಂದವನಿಗೆ ಏನು ಹೇಳುತ್ತಿ? ಪಂಡಿತ ತಲೆ ತಗ್ಗಿಸಿ ಕೈಮುಗಿದ. ಮಂತ್ರಿ ಅದನ್ನು ಒಪ್ಪಿಗೆಯೆಂದು ತಿಳಿದು ಸಂತೋಷದಿಂದ ಹೊರಟುಹೋದ.

ಪಂಡಿತನಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ಗುಳಿಗೆ ಬದಲಿಸಿದರೆ ಮುದ್ರೆ ಕಂಡು ಕೈ ಚಾಚುವ ಜನರಿಗೆ ದ್ರೋಹ. ಎಲ್ಲರ ಮುಂದೆ ಹುಡುಗನನ್ನು ತಳ್ಳಿಹಾಕಿದರೆ ಸಾಕಿದವನಿಗೆ ಅವಮಾನ. ಪೀಠ ಬಿಟ್ಟು ಎಲ್ಲಾದರೂ ಹೋಗೋಣವೆಂದರೆ, ಮಂತ್ರಿ ಇನ್ನೊಬ್ಬನನ್ನು ತಂದು ಕೂರಿಸುತ್ತಾನೆ, ಆ ಇನ್ನೊಬ್ಬ ಮರುದಿನವೇ ಮುದ್ರೆ ಕೊಡುತ್ತಾನೆ. ಯೋಚಿಸಿ ಯೋಚಿಸಿ ಪಂಡಿತ ಸೊರಗಿದ. ಆದರೆ ಬೇರೆ ಗುಳಿಗೆಯನ್ನು ಮಾತ್ರ ಮಾಡಿಸಲಿಲ್ಲ.

ಪರೀಕ್ಷೆಯ ದಿನ ಸಭೆ ತುಂಬಿತು. ಮಂತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದ. ಹುಡುಗ ಬಂದು ಅರೆಯಲು ಕೂತ. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಹುಡುಗ ಅದರ ಕಡೆ ತಿರುಗಿಯೂ ನೋಡದೆ, ಬೇರನ್ನು ನೀರಿನಲ್ಲಿ ತೊಳೆದು ಹಾಗೆಯೇ ಕಲ್ಲಿಗೆ ಹಾಕಿ ಅರೆದುಬಿಟ್ಟ. ಉಪಾಧ್ಯಾಯರೆಲ್ಲರೂ ನೋಡಿದರು. ಮಂತ್ರಿಯ ಮುಖ ನೋಡಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹುಡುಗ ಗುಳಿಗೆ ಕಟ್ಟಿ, ವೀಳ್ಯದೆಲೆಯ ಮೇಲಿಟ್ಟು, ಜೇನು ಹನಿಸಿ ಪಂಡಿತನ ಮುಂದೆ ಹಿಡಿದ. ಎಲ್ಲೋ ಗುಳಿಗೆ ಬದಲಾಗಿರುತ್ತದೆ ಎಂದು ಮಂತ್ರಿ ನೆಮ್ಮದಿಯಾಗಿದ್ದ.

ಪಂಡಿತ ಪೀಠದಿಂದ ಇಳಿದ. ಕಂಚಿನ ಮುದ್ರೆಯನ್ನು ತಂದು ಮಂತ್ರಿಯ ಕೈಯಲ್ಲಿಟ್ಟ.

“ಅಯ್ಯಾ, ನಿಮ್ಮ ಮಾತು ಮೀರಲಾರೆ. ಈ ಪೀಠದ ಕಟ್ಟಳೆಯನ್ನೂ ಮೀರಲಾರೆ. ಹುಡುಗ ಅರೆದ ಗುಳಿಗೆಯನ್ನೇ ನುಂಗುತ್ತೇನೆ. ಆಮೇಲೆ ಮುದ್ರೆಯನ್ನು ನೀವೇ ಅವನ ಕೊರಳಿಗೆ ಹಾಕಿಬಿಡಿ. ಅಷ್ಟು ಹೊತ್ತಿಗೆ ನನ್ನ ಕೈ ಏಳುತ್ತದೋ ಇಲ್ಲವೋ” ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಸಾಯುವುದಕ್ಕೆ ಅವನಿಗೇನೂ ಆಸೆಯಿರಲಿಲ್ಲ, ಯಾರಿಗಿರುತ್ತದೆ? ಆದರೂ ಎಲೆಯನ್ನು ಎತ್ತಿಕೊಂಡ. ಅಬ್ಬಾ, ಎಂಥ ಗಂಡೆದೆಯಯ್ಯಾ ಅದು! ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಗುಳಿಗೆ ಬದಲಾಗಿಲ್ಲವೆಂದು ಮಂತ್ರಿಗೆ ಆಗ ತಿಳಿಯಿತು. ಅವನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಹುಡುಗನಿಗೆ ಮುದ್ರೆ ಸಿಗುತ್ತಿತ್ತು, ಅರಮನೆ ಕೈಗೆ ಬರುತ್ತಿತ್ತು, ತಂಗಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಬೇಕಾದದ್ದೆಲ್ಲ ಅವನ ಅಂಗೈಯಲ್ಲೇ ಇತ್ತು. ಎಲೆ ಪಂಡಿತನ ತುಟಿಯ ಹತ್ತಿರ ಹೋಯಿತು.

“ಬೇಡ ಮಗೂ!”

ಇಡೀ ಸಭೆ ಬೆಚ್ಚಿತು. ಮಂತ್ರಿ ಎದ್ದವನೇ ಪಂಡಿತನ ಮಣಿಕಟ್ಟು ಹಿಡಿದುಕೊಂಡ. ಗುಳಿಗೆಯನ್ನು ಕಿತ್ತು ತನ್ನ ಕೈಯಾರೆ ಒಲೆಗೆ ಹಾಕಿದ. ಹೆಗಲ ಮೇಲಿನ ಶಾಲು ನೆಲಕ್ಕೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಸಭೆಯ ಕಡೆ ತಿರುಗಿದ. “ಹುಡುಗನದು ತಪ್ಪಿಲ್ಲ, ಕಲಿಯುವ ಮೊದಲೇ ಮುದ್ರೆ ಕೇಳಿದವನು ನಾನು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮುದ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಖಾಲಿ ಪೀಠದ ಮೇಲಿಟ್ಟು ತಲೆಬಾಗಿದ. ಸಾಕಿದ ಮಗನನ್ನು ಅಪ್ಪಿಕೊಂಡು ಅತ್ತ.

ಅವನೇನೂ ಪುಕ್ಕಟೆ ದೊಡ್ಡವನಾಗಲಿಲ್ಲ. ತಂಗಿ ಮಾತು ಬಿಟ್ಟಳು, ಸಾಯುವ ತನಕ ಅಣ್ಣನ ಹೊಸಿಲು ತುಳಿಯಲಿಲ್ಲ. ಮಂತ್ರಿ ಅದನ್ನು ನುಂಗಿಕೊಂಡ. ಅರಸನಿಗೆ ಹೇಳಿ, ಮುಖ್ಯಸ್ಥನನ್ನು ಆರಿಸುವ ಹಕ್ಕನ್ನು ಉಪಾಧ್ಯಾಯರಿಗೇ ತಿರುಗಿ ಕೊಡಿಸಿದ. ಪಂಡಿತ ಅವತ್ತೇ ಪೀಠ ಬಿಟ್ಟುಕೊಟ್ಟ. ಉಪಾಧ್ಯಾಯರು ಸಭೆ ಸೇರಿ, ಕೈಹಿಡಿದು ಅವನನ್ನೇ ಮತ್ತೆ ಕೂರಿಸಿದರು. ಹುಡುಗ ಕುದುರೆ ವ್ಯಾಪಾರಕ್ಕಿಳಿದು ಚೆನ್ನಾಗಿಯೇ ಬಾಳಿದ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಪ್ಪನ ಕಣ್ಣು ಒದ್ದೆಯಾಗಿತ್ತು. ಅವನು ಒಂದು ನಿಟ್ಟುಸಿರು ಬಿಟ್ಟ.

“ಆ ಮಂತ್ರಿ ದೊಡ್ಡವನು ಗುರುಗಳೇ. ಅಂಥವನು ಮೇಲಿದ್ದರೆ ಯಾರು ಬೇಕಾದರೂ ಆ ಪಂಡಿತನ ಹಾಗೆ ನಡೆಯಬಹುದು. ನಮಗೆ ಅಂಥ ಮಂತ್ರಿ ಎಲ್ಲಿ ಸಿಗಬೇಕು?”

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತಾ ಹೇಳಿದರು: “ಅಂಥ ಪಂಡಿತ ಸಿಗುವ ತನಕ, ತಾನು ಅಂಥ ಮಂತ್ರಿಯೆಂದು ಅವನಿಗೂ ಗೊತ್ತಿರಲಿಲ್ಲ ಕಣಯ್ಯಾ.”